ಹಳೆಯ ವಾಡಿಕೆಗಳನ್ನು ಬಿಡುವದರ ವಿಷಯವಾಗಿ



ನಮ್ಮ ಹಳ್ಳಿಯ ಸಭೆಗಳಲ್ಲಿ ದೀಕ್ಷಾಸ್ನಾನದ ದಿವಸವು ಎಷ್ಟು ಸಂತೋಷದ ದಿವಸವಾಗಿರುತ್ತದೆಂಬದನ್ನು ನೀವೆಲ್ಲರೂ ಬಲ್ಲಿರಿ. ಮಡಿ ಬಟ್ಟೆಯನ್ನು ಉಟ್ಟುಕೊಂಡು, ಹೆಂಡತಿ ಮಕ್ಕಳನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು, ಹಳೆಯ ನಡತೆಯನ್ನೂ ಹಳೆಯ ಆರಾಧನೆಯನ್ನೂ ಬಿಟ್ಟೆನೆಂದು ಒಬ್ಬನು ಸಭೆಯ ಮುಂದೆ ಅರಿಕೆಮಾಡುತ್ತಾನೆ. ಸಭೆಯವರು ಹಾಡುತ್ತಾರೆ. ಹಿರಿಯರು ಅವನ ಕೈಯನ್ನು ಹಿಡಿದು ಸಹೋದರನೆಂದು ಕರೆಯುತ್ತಾರೆ. ಆದರೆ ಅದೇ ಸಾಯಂಕಾಲ ಅವನು ತಿರುಗಿ ಹೋಗುವ ಮನೆಯು ಯಾವದು? ನಿನ್ನೆಯ ಮನೆಯೇ. ಅದೇ ಹೊಸ್ತಿಲು, ಅದೇ ಒಲೆ, ಅದೇ ನೆರೆಹೊರೆಯವರು, ಸಾಹುಕಾರನ ಪುಸ್ತಕದಲ್ಲಿ ಅದೇ ಸಾಲ. ಅವನ ಕೈಕಾಲುಗಳೂ ನಿನ್ನೆಯವುಗಳೇ. ಮೂವತ್ತು ನಲವತ್ತು ವರುಷ ಯಾವ ದಾರಿಯಲ್ಲಿ ನಡೆದವೋ ಆ ದಾರಿಯನ್ನು ಅವು ಕಣ್ಣು ಮುಚ್ಚಿಕೊಂಡು ಬಲ್ಲವು.

ನಾನು ಬಲ್ಲ ಒಂದು ಸಭೆಯಲ್ಲಿ ಒಬ್ಬ ಹಿರಿಯನಿದ್ದನು. ಸತ್ಯವಂತನು, ಪ್ರಾರ್ಥನೆಯಲ್ಲಿ ನಿಷ್ಠನು. ಸಂತೆಗೆ ಹೊರಡುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆತನು ಹೊಸ್ತಿಲು ದಾಟದೆ ಕೂತುಕೊಳ್ಳುವನು. ಯಾಕೆ ಕೂತಿರಿ ಎಂದು ಕೇಳಿದರೆ, ಚಪ್ಪಲಿಯ ಉಂಗುಟ ಸಡಿಲವಾಗಿದೆ, ಸರಿಮಾಡಿಕೊಳ್ಳುತ್ತೇನೆ ಎಂದು ಹೇಳುವನು. ಆ ಚಪ್ಪಲಿಯು ಹಲ್ಲಿ ಲೊಚಗುಟ್ಟಿದಾಗ ಮಾತ್ರ ಸಡಿಲವಾಗುತ್ತಿತ್ತು. ನಾವು ಇದನ್ನು ಕಂಡು ನಗುತ್ತಿದ್ದೆವು. ಆತನೂ ಕೆಲವು ಸಾರಿ ನಗುತ್ತಿದ್ದನು. ಆದರೆ ಮಂಗಳವಾರ ಹೊಲಕ್ಕೆ ಬೀಜ ಹಾಕಲೊಲ್ಲದೆ, ಎತ್ತಿನ ಕಾಲು ನೋಯುತ್ತದೆಂದು ಹೇಳಿದ ನಾನು ಅವನನ್ನು ಕಂಡು ನಗುವದು ನ್ಯಾಯವಾಗಿತ್ತೋ?

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಹುಟ್ಟುತ್ತದೆ. ಹಳೆಯ ವಾಡಿಕೆಯು ಇನ್ನೂ ಉಳಿದಿದ್ದರೆ ಹೊಸ ವಿಶ್ವಾಸವು ಸುಳ್ಳೋ? ಸುಳ್ಳೇ ಎಂದು ಕೆಲವರು ಹೇಳುತ್ತಾರೆ. ಅಂಥವರ ಸಭೆಯಲ್ಲಿ ಜನರು ಬಿಟ್ಟವರಂತೆ ತೋರಿಸಿಕೊಳ್ಳುವದನ್ನು ಬೇಗನೆ ಕಲಿಯುತ್ತಾರೆ; ತಾಯಿತವು ಕೊರಳಿನಿಂದ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯಿಂದ ಹೊರಗೆ ಹೋಗುವದಿಲ್ಲ. ಮತ್ತೆ ಕೆಲವರು, ದೇವರು ಹೃದಯವನ್ನು ನೋಡುವಾತನು, ವಾಡಿಕೆಗಳು ಹೊರಗಿನ ಸಂಗತಿಗಳು, ಇದ್ದರೇನು ಹೋದರೇನು ಎಂದು ಹೇಳುತ್ತಾರೆ. ಇವರ ಮಾತು ಕೇಳುವದಕ್ಕೆ ಹಿತವಾಗಿದೆ. ಆದರೆ ಹೃದಯವೆಂಬದು ಕೈಕಾಲುಗಳಿಗೆ ಸಂಬಂಧವಿಲ್ಲದೆ ಎಲ್ಲಿಯೋ ಒಂದು ಕೋಣೆಯಲ್ಲಿ ಕೂತಿರುವ ವಸ್ತುವಲ್ಲ. ಪ್ರತಿದಿನವೂ ಕೈ ಮಾಡುವ ಕೆಲಸವನ್ನು ಹೃದಯವು ಮೆಲ್ಲಮೆಲ್ಲಗೆ ನಂಬುತ್ತಾ ಬರುತ್ತದೆ. ಈ ಎರಡು ಉತ್ತರಗಳಲ್ಲಿ ಯಾವದೂ ನನಗೆ ಸಾಕಾಗಲಿಲ್ಲ. ಆದದರಿಂದ ಸತ್ಯವೇದದಲ್ಲಿಯೂ ಸಭೆಗಳ ಚರಿತ್ರೆಯಲ್ಲಿಯೂ ನಾನು ಕಂಡ ಕೆಲವು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು ತೆಗೆಯಿರಿ. ಎಫೆಸ ಪಟ್ಟಣದಲ್ಲಿ ಮಾಟಮಂತ್ರದ ಪುಸ್ತಕಗಳನ್ನು ತಂದು ಎಲ್ಲರ ಎದುರಿನಲ್ಲಿ ಸುಟ್ಟುಬಿಟ್ಟರು. ಅವುಗಳ ಬೆಲೆಯನ್ನು ಲೆಕ್ಕಮಾಡಿದಾಗ 50,000 ಬೆಳ್ಳಿ ನಾಣ್ಯಗಳಾದವು. ಈ ಸಂಗತಿಯನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಆದರೆ ಸುಟ್ಟವರು ಯಾರು? ಆ ದಿನವೇ ಸುವಾರ್ತೆಯನ್ನು ಕೇಳಿದ ಹೊಸಬರು ಮಾತ್ರವೋ? ಅಲ್ಲ. ಮೊದಲೇ ನಂಬಿದವರಲ್ಲಿ ಅನೇಕರು ಬಂದು ತಮ್ಮ ಕೃತ್ಯಗಳನ್ನು ಒಪ್ಪಿಕೊಂಡರೆಂದು ಅಲ್ಲಿ ಬರೆದದೆ. ಪೌಲನು ಆ ಊರಲ್ಲಿ ಎರಡು ವರುಷಕ್ಕಿಂತ ಹೆಚ್ಚು ಕಾಲ ಉಪದೇಶಮಾಡಿದನು. ಹಾಗಾದರೆ ಪೌಲನ ಉಪದೇಶವನ್ನು ಕೇಳುತ್ತಿದ್ದ ವಿಶ್ವಾಸಿಗಳ ಮನೆಗಳಲ್ಲಿ ಆ ಪುಸ್ತಕಗಳು ಅದುವರೆಗೂ ಇದ್ದವೆಂದಾಯಿತು. ಅಟ್ಟದ ಮೇಲೆ ಇದ್ದವೋ, ಬಟ್ಟೆಯ ಗಂಟಿನೊಳಗೆ ಇದ್ದವೋ, ಯಾರು ಬಲ್ಲರು? ಪೌಲನು ಮನೆಮನೆಗೆ ಹೋಗಿ ಹುಡುಕಿದನೆಂದು ಬರೆದಿಲ್ಲ. ಸ್ಕೇವನ ಮಕ್ಕಳಿಗೆ ಆದ ಅವಮಾನವನ್ನು ಕೇಳಿ ಅವರಿಗೆ ಭಯ ಹುಟ್ಟಿತು, ತಾವಾಗಿಯೇ ತಂದರು.

ಇನ್ನೊಂದು ಮಾತನ್ನೂ ಗಮನಿಸಬೇಕು. ಅವರು ಆ ಪುಸ್ತಕಗಳನ್ನು ಮಾರಲಿಲ್ಲ. ಮಾರಿದ್ದರೆ ಕೊಳ್ಳುವವರಿಗೆ ಕಡಿಮೆಯಿರಲಿಲ್ಲ, ಬಂದ ಹಣವನ್ನು ಸಭೆಯ ಬಡವರಿಗೆ ಕೊಡಬಹುದಿತ್ತು ಎಂದು ನಮ್ಮಂಥ ಲೆಕ್ಕಗಾರರು ಹೇಳುವೆವು. ತಾನು ಕುಡಿಯುವದನ್ನು ಬಿಟ್ಟು, ತನ್ನ ಗದ್ದೆಯ ಬದಿಯಲ್ಲಿರುವ ಈಚಲು ಮರಗಳನ್ನು ಹೆಂಡದವನಿಗೆ ಗುತ್ತಿಗೆ ಕೊಟ್ಟು, ಆ ಹಣದಲ್ಲಿ ದಶಮಾಂಶವನ್ನೂ ಕೊಡುವ ಸಹೋದರನನ್ನು ನಾನು ಕಂಡಿದ್ದೇನೆ. ಎಫೆಸದವರು ಹೀಗೆ ಮಾಡಲಿಲ್ಲ. ತನಗೆ ವಿಷವೆಂದು ತಿಳಿದದ್ದನ್ನು ನೆರೆಯವನಿಗೆ ಕ್ರಯಕ್ಕೆ ಕೊಡುವದು ಬಿಡುವದಲ್ಲ.

ಆದರೂ ನಷ್ಟದ ವಿಷಯದಲ್ಲಿ ಹಗುರವಾಗಿ ಮಾತಾಡುವದು ನನಗೆ ಇಷ್ಟವಿಲ್ಲ. ಹೊಟ್ಟೆ ತುಂಬಿದ ಉಪದೇಶಕನು ಹಸಿದವನಿಗೆ ಬಿಟ್ಟುಬಿಡು ಎಂದು ಹೇಳುವದು ಸುಲಭ. 1834ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮೂವರು ಮಂಗಳೂರಿಗೆ ಬಂದಿಳಿದರು. ತುಳುನಾಡಿನಲ್ಲಿ ಸುವಾರ್ತೆಯನ್ನು ಅಂಗೀಕರಿಸಿದವರಲ್ಲಿ ಬಿಲ್ಲವರು ಬಹು ಮಂದಿ. ಅವರ ಕುಲದ ಕಸುಬು ತಾಳೆ ತೆಂಗಿನ ಮರಗಳಿಂದ ಕಳ್ಳು ಇಳಿಸುವದು. ಮಿಶನಿನವರು ಆ ಕಸುಬನ್ನು ಮೆಚ್ಚಲಿಲ್ಲ. ಅಷ್ಟೇ ಅಲ್ಲ, ಆ ಸೀಮೆಯಲ್ಲಿ ಭೂಮಿಯೂ ಭೂತಾರಾಧನೆಯೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಗೇಣಿಗೆ ಗದ್ದೆ ಹಿಡಿದವನು ಭೂತದ ಕೋಲಕ್ಕೆ ತನ್ನ ಪಾಲಿನ ಕಾಣಿಕೆಯನ್ನೂ ಸೇವೆಯನ್ನೂ ಸಲ್ಲಿಸಬೇಕಾಗಿತ್ತು. ಅದನ್ನು ಸಲ್ಲಿಸೆನೆಂದು ಹೇಳಿದವನು ಗದ್ದೆಯನ್ನು ಕಳೆದುಕೊಳ್ಳುವ ಅಪಾಯವಿತ್ತು. ಒಂದು ವಾಡಿಕೆಯನ್ನು ಬಿಟ್ಟರೆ ಮನೆ, ಗದ್ದೆ, ಕಸುಬು, ಬಂಧುಗಳು ಎಲ್ಲವೂ ಒಂದೇ ಹಗ್ಗದಲ್ಲಿ ಕಟ್ಟಿದ ಕೊಡಗಳಂತೆ ಜೊತೆಯಲ್ಲಿಯೇ ಬಾವಿಗೆ ಬೀಳುತ್ತಿದ್ದವು. ಇದನ್ನು ಕಂಡ ಮಿಶನಿನವರು ಉಪದೇಶಮಾತ್ರದಿಂದ ತೃಪ್ತರಾಗಲಿಲ್ಲ. ನೇಯ್ಗೆಯ ಮಗ್ಗಗಳನ್ನು ಹಾಕಿಸಿದರು, ಮುದ್ರಾಶಾಲೆಯನ್ನು ನಡಿಸಿದರು, 1865ನೆಯ ಇಸವಿಯಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಕಾರ್ಖಾನೆಗಳಲ್ಲಿ ಎಲ್ಲವೂ ಒಳ್ಳೇದಾಗಿತ್ತೆಂದು ನಾನು ಹೇಳುವದಿಲ್ಲ. ಸಭೆಯ ಯಜಮಾನನೇ ಕೂಲಿಯ ಯಜಮಾನನೂ ಆದಾಗ ವಿಶ್ವಾಸ ಯಾವದು, ಕೂಲಿಯ ಆಶೆ ಯಾವದು ಎಂದು ವಿಂಗಡಿಸುವದು ಕಷ್ಟವಾಗುತ್ತದೆ. ಆದರೆ ಒಬ್ಬನಿಗೆ ಮರದಿಂದ ಇಳಿ ಎಂದು ಹೇಳುವವನು ಇಳಿದ ಮೇಲೆ ನಿಲ್ಲುವದಕ್ಕೆ ನೆಲವೆಲ್ಲಿದೆ ಎಂದು ಯೋಚಿಸಬೇಕಷ್ಟೆ. ಅದನ್ನು ಅವರು ಯೋಚಿಸಿದರು.

ನೆಲವಿಲ್ಲದವನ ಗತಿ ಏನು? ಇದಕ್ಕೆ ನಾಮಾನನ ಕಥೆಯನ್ನು ನೋಡೋಣ. ಅರಾಮ್ ದೇಶದ ಸೇನಾಪತಿಯಾದ ಇವನು ಯೊರ್ದನಿನಲ್ಲಿ ಏಳು ಸಾರಿ ಮುಳುಗಿ ಕುಷ್ಠದಿಂದ ಶುದ್ಧನಾದ ಮೇಲೆ, ಇನ್ನು ಮುಂದೆ ಇಸ್ರಾಯೇಲಿನ ದೇವರಿಗೆ ಹೊರತು ಯಾರಿಗೂ ಬಲಿಯರ್ಪಿಸುವದಿಲ್ಲವೆಂದು ಹೇಳಿದನು. ಆಮೇಲೆ ಬಹಳ ಸಂಕೋಚದಿಂದ ಒಂದು ಬಿನ್ನಹ ಮಾಡಿದನು. ತನ್ನ ದೊರೆಯು ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ಕೈಯ ಮೇಲೆ ಒರಗಿಕೊಳ್ಳುತ್ತಾನೆ. ದೊರೆ ಬಾಗುವಾಗ ತಾನೂ ಬಾಗಬೇಕಾಗುತ್ತದೆ. ಇದೊಂದನ್ನು ಕರ್ತನು ಕ್ಷಮಿಸುವನೋ? ಎಲೀಷನು ಸಿಟ್ಟುಮಾಡಲಿಲ್ಲ, ಹೌದು ತಪ್ಪಿಲ್ಲವೆಂದು ಅಪ್ಪಣೆಯನ್ನೂ ಕೊಡಲಿಲ್ಲ. ಸಮಾಧಾನದಿಂದ ಹೋಗೆಂದು ಕಳುಹಿಸಿಬಿಟ್ಟನು.

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಯು ತಮಟೆಯ ರೂಪದಲ್ಲಿ ಬಂತು. ಹೊಲಗೇರಿ ಮಾದಿಗರಕೇರಿಗಳಲ್ಲಿ ಕ್ರೈಸ್ತರಾದವರಿಗೆ ಊರಮ್ಮನ ಜಾತ್ರೆಯಲ್ಲಿ ತಮಟೆ ಬಡಿಯುವದು ಹುಟ್ಟಿನಿಂದ ಬಂದ ಚಾಕರಿಯಾಗಿತ್ತು. ಒಲ್ಲೆನೆಂದರೆ ಕಣದ ಪಾಲು ನಿಲ್ಲುವದು, ಬಾವಿಯ ದಾರಿ ಮುಚ್ಚುವದು, ಜೀತದ ಸಾಲವನ್ನು ಒಂದೇ ದಿನದಲ್ಲಿ ಕೇಳುವರು. ಬಡಿದವನು ವಿಶ್ವಾಸದ್ರೋಹಿಯೋ? ಅವನನ್ನು ಸಭೆಯ ಪಟ್ಟಿಯಿಂದ ತೆಗೆಯಬೇಕೋ? ಬಾಬೆಲಿನಲ್ಲಿ ಬೆಂಕಿಯ ಆವಿಗೆಯೊಳಗೆ ಹೋದ ಮೂವರು ಯೌವನಸ್ಥರನ್ನು ತೋರಿಸಿ, ಹೀಗೆ ನಿಲ್ಲಬೇಕೆಂದು ಹೇಳಬಹುದು. ಆದರೆ ಆ ಮೂವರು ತಮ್ಮ ಪ್ರಾಣವನ್ನು ತಾವೇ ಕೊಡಲು ಮುಂದಾದರು. ಬೇರೊಬ್ಬನ ಮಕ್ಕಳ ಅನ್ನವನ್ನು ಕೊಡಲು ಮುಂದಾಗಲಿಲ್ಲ. ಒಬ್ಬನ ಸಾಕ್ಷಿಗೆ ಅವನೇ ಬೆಲೆ ಕೊಡಬೇಕು. ಬೆಂಚಿನ ಮೇಲೆ ಕೂತ ಹಿರಿಯರು ಅವನ ಪರವಾಗಿ ಬೆಲೆ ಕಟ್ಟಬಾರದು. ಪ್ರವಾದಿಯ ಮಾತು ಅಷ್ಟು ಮೃದುವಾಗಿದ್ದುದು ಇದಕ್ಕಾಗಿಯೇ ಎಂದು ನನಗೆ ತೋರುತ್ತದೆ. ನಾಮಾನನು ಬಗ್ಗುವದು ತಪ್ಪೆಂದು ತಾನೇ ಬಲ್ಲವನಾಗಿದ್ದನು. ಬಲ್ಲವನಾದ್ದರಿಂದಲೇ ಕೇಳಿದನು. ಆ ನೋವು ಒಳಗೆ ಇರುವ ವರೆಗೆ ಅವನು ದಾರಿಯಲ್ಲಿಯೇ ಇದ್ದಾನೆ.

ಭಯಪಡಬೇಕಾದದ್ದು ನೋವಿಲ್ಲದ ವಾಡಿಕೆಯ ವಿಷಯದಲ್ಲಿ. ಇದಕ್ಕೆ ಇಂಗ್ಲೆಂಡಿನ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಜಾನ್ ನ್ಯೂಟನ್ ಎಂಬವನ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ದೇವರ ಅದ್ಭುತವಾದ ಕೃಪೆಯ ವಿಷಯವಾಗಿ ಅವನು ಬರೆದ ಕೀರ್ತನೆಯು ಲೋಕವೆಲ್ಲಾ ಹರಡಿದೆ. ಅವನು ಹಡಗಿನವನು, ದುರ್ಮಾರ್ಗಿ, ದೇವದೂಷಕನು. 1748ನೆಯ ಇಸವಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯುವ ಸ್ಥಿತಿಗೆ ಬಂದಾಗ ದೇವರಿಗೆ ಮೊರೆಯಿಟ್ಟನು. ಆ ದಿನವನ್ನು ಅವನು ಬದುಕಿರುವ ವರೆಗೂ ಸ್ಮರಿಸುತ್ತಿದ್ದನು. ಬೈಗುಳವನ್ನು ಬಿಟ್ಟನು, ಸತ್ಯವೇದವನ್ನು ಓದಲಾರಂಭಿಸಿದನು. ಆಮೇಲೆ ಏನು ಮಾಡಿದನು? ಆಫ್ರಿಕದಿಂದ ಮನುಷ್ಯರನ್ನು ಸಂಕೋಲೆಯಲ್ಲಿ ಹಾಕಿ ಸಾಗಿಸುವ ಗುಲಾಮರ ಹಡಗಿಗೆ ನಾಯಕನಾದನು. 1750ರಿಂದ 1754ರ ವರೆಗೆ ಮೂರು ಸಾರಿ ಪ್ರಯಾಣಮಾಡಿದನು. ಹಡಗಿನ ಮೇಲ್ಗಡೆ ಭಾನುವಾರದ ಆರಾಧನೆ ನಡೆಯುತ್ತಿತ್ತು. ಕೆಳಗಡೆ ಮನುಷ್ಯರು ಸೌದೆಯಂತೆ ಒಬ್ಬರ ಪಕ್ಕದಲ್ಲಿ ಒಬ್ಬರು ಮಲಗಿಸಲ್ಪಟ್ಟಿದ್ದರು. ಕಡೆಗೆ ಆ ಕೆಲಸವನ್ನು ಬಿಟ್ಟದ್ದೂ ಮನಸ್ಸಾಕ್ಷಿಗಾಗಿ ಅಲ್ಲ, ರೋಗ ಬಂದದ್ದರಿಂದ. 1764ರಲ್ಲಿ ಸಭಾಪಾಲಕನಾದನು. ಆ ವ್ಯಾಪಾರದ ಕ್ರೌರ್ಯವನ್ನು ಪ್ರಕಟವಾಗಿ ಖಂಡಿಸಿ, ತನ್ನ ಪಾಲಿನ ಅಪರಾಧವನ್ನು ಒಪ್ಪಿಕೊಂಡು ಬರೆದದ್ದು 1788ರಲ್ಲಿ. ಬಿರುಗಾಳಿಯ ರಾತ್ರಿಗೂ ಆ ಬರಹಕ್ಕೂ ನಡುವೆ ನಲವತ್ತು ವರುಷ.

ಬೈಗುಳವನ್ನು ಬಿಟ್ಟವನಿಗೆ ಸಂಕೋಲೆಯು ಯಾಕೆ ಕಾಣಲಿಲ್ಲ? ಬೈಗುಳ ಕೆಟ್ಟದ್ದೆಂದು ಅವನ ತಾಯಿಯೂ ಊರಿನವರೂ ಸಭೆಯವರೂ ಹೇಳುತ್ತಿದ್ದರು. ಗುಲಾಮರ ವ್ಯಾಪಾರವನ್ನು ಕೆಟ್ಟದ್ದೆಂದು ಅವನ ಸುತ್ತಲಿನವರು ಹೇಳಲಿಲ್ಲ. ಅದು ಮರ್ಯಾದೆಯ ಉದ್ಯೋಗವಾಗಿತ್ತು. ಊರೆಲ್ಲಾ ಒಪ್ಪಿದ ಪಾಪಕ್ಕೆ ಪಾಪದ ಮುಖವಿರುವದಿಲ್ಲ. ಆದರೂ ಆ ಮುದುಕನ ಬರಹವು ವ್ಯರ್ಥವಾಗಲಿಲ್ಲ. ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಅದನ್ನು ಕಂಡೇ ಅವನು ಅದೇ ವರುಷದ ಕಡೆಯಲ್ಲಿ ತೀರಿಕೊಂಡನು.

ಇಷ್ಟು ಹೇಳಿದ್ದರಿಂದ ಹಳೆಯದೆಲ್ಲವೂ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಕ್ರೈಸ್ತನಾಗುವದೆಂದರೆ ಷರಾಯಿ ಹಾಕಿಕೊಳ್ಳುವದು, ಮಗುವಿಗೆ ಬಾಯಲ್ಲಿ ಹೊರಳದ ಹೆಸರಿಡುವದು, ಹೆಂಗಸರು ತಲೆಗೆ ಹೂವು ಮುಡಿಯದೆ ಇರುವದು ಎಂದು ಎಣಿಸುವವರು ನಮ್ಮಲ್ಲಿ ಇದ್ದಾರೆ. ಹೂವು ಏನು ಪಾಪ ಮಾಡಿದೆ? ರಾಗಿ ಬೀಸುವಾಗ ಹಾಡುವ ಪದವೂ, ಹಿರಿಯರ ಕಾಲಿಗೆ ನೀರು ಕೊಡುವ ಮರ್ಯಾದೆಯೂ ಸುವಾರ್ತೆಗೆ ವೈರಿಗಳಲ್ಲ. ಜರ್ಮನಿಯಿಂದ ಬಂದ ಮೋಗ್ಲಿಂಗ್ ಅಯ್ಯನವರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ತರುವಾಯ ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಕೂಡಿಸಿ ಅಚ್ಚುಹಾಕಿಸಿದರು. ಕಿಟ್ಟೆಲ್ ಅಯ್ಯನವರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕಥಾಮಾಲೆ ಎಂಬ ಹೆಸರಿನಿಂದ ನಮ್ಮ ಧಾಟಿಯ ಪದ್ಯಗಳಲ್ಲಿ ಕಟ್ಟಿದರು. 1894ರಲ್ಲಿ ಅವರ ದೊಡ್ಡ ನಿಘಂಟು ಹೊರಬಂತು. ಹಳೆಯದನ್ನು ಬಿಡಿರೆಂದು ಸಾರುವದಕ್ಕೆ ಬಂದವರೇ ಇಷ್ಟನ್ನು ಪ್ರೀತಿಯಿಂದ ಕಾಪಾಡಿಕೊಟ್ಟ ಮೇಲೆ, ಬಿಡಬೇಕಾದದ್ದು ಇದಲ್ಲವೆಂದು ನಾವು ತಿಳಿಯಬೇಡವೋ? ಒಂದು ವಾಡಿಕೆಯನ್ನು ನೋಡಿ, ಇದು ಯಾರಿಗೆ ಭಯವನ್ನು ಕೊಡುತ್ತದೆ, ಯಾರನ್ನು ಕೆಳಗೆ ಕೂಡಿಸುತ್ತದೆ ಎಂದು ಕೇಳಿದರೆ ಉತ್ತರವು ಬಹು ಮಟ್ಟಿಗೆ ಸಿಕ್ಕುತ್ತದೆ.

ಯಾರನ್ನು ಕೆಳಗೆ ಕೂಡಿಸುತ್ತದೆ? ಈ ಮಾತಿಗೆ ಬಂದಾಗ ನನ್ನ ಲೇಖಣಿ ತಡೆಯುತ್ತದೆ. ಆದರೂ ಬರೆಯಬೇಕು.

ಪೇತ್ರನು ಯೊಪ್ಪ ಪಟ್ಟಣದಲ್ಲಿ ಎಲ್ಲಿ ಇಳಿದುಕೊಂಡಿದ್ದನೆಂಬದು ನಿಮಗೆ ನೆನಪಿದೆಯೋ? ಸಮುದ್ರದ ಹತ್ತಿರ, ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ತೊಗಲನ್ನು ಮುಟ್ಟುವ ಕಸುಬನ್ನು ಯೆಹೂದ್ಯರು ಹೀನವಾಗಿ ಎಣಿಸುತ್ತಿದ್ದರು. ನಮ್ಮ ಊರಿನಲ್ಲಿ ಮೇಲುಕೇರಿಯ ಉಪದೇಶಿಯೊಬ್ಬನು ಮಾದಿಗರಕೇರಿಯಲ್ಲಿ ಬಿಡಾರಮಾಡಿದ ಹಾಗೆ ಅದು ಇತ್ತು. ಇಷ್ಟು ದೂರ ಬಂದವನು ಇನ್ನೇನು ಬಿಡಬೇಕಾಗಿತ್ತು? ಆದರೂ ಆ ಮನೆಯ ಮಾಳಿಗೆಯ ಮೇಲೆ ಅವನಿಗೆ ದರ್ಶನವಾದಾಗ, ಆಕಾಶದಿಂದ ಇಳಿದ ಜೋಳಿಗೆಯಲ್ಲಿದ್ದವುಗಳನ್ನು ತಿನ್ನೆಂದು ಸ್ವರವಾದಾಗ, ಬೇಡ ಸ್ವಾಮೀ, ಅಶುದ್ಧವಾದದ್ದನ್ನು ನಾನು ಎಂದೂ ತಿಂದವನಲ್ಲವೆಂದನು. ಮೂರು ಸಾರಿ ಹೇಳಬೇಕಾಯಿತು. ಆಗ ಅವನು ಕೈಸರೈಯಕ್ಕೆ ಹೋಗಿ ರೋಮಾಪುರದ ಶತಾಧಿಪತಿಯಾದ ಕೊರ್ನೇಲ್ಯನ ಮನೆಯನ್ನು ಹೊಕ್ಕನು, ಅಲ್ಲಿ ಉಳಿದುಕೊಂಡನು, ಯೆರೂಸಲೇಮಿನಲ್ಲಿ ಹಿರಿಯರು ಆಕ್ಷೇಪಿಸಿದಾಗ ಧೈರ್ಯದಿಂದ ಉತ್ತರಕೊಟ್ಟನು.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಮಗೆ ಎಷ್ಟು ಹಿತವಾಗಿತ್ತು! ಆದರೆ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವೂ ಇದೆ. ಅದೇ ಪೇತ್ರನು ಅಂತಿಯೋಕ್ಯಕ್ಕೆ ಬಂದು ಅನ್ಯಜನರ ವಿಶ್ವಾಸಿಗಳ ಜೊತೆಯಲ್ಲಿ ಊಟಮಾಡುತ್ತಿದ್ದನು. ಆಮೇಲೆ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರು ಬಂದ ಮೇಲೆ ಅವನು ಮೆಲ್ಲಗೆ ಹಿಂದೆ ಸರಿದು ಬೇರೆಯಾದನು. ಅವನ ಉಪದೇಶವು ಬದಲಾಗಲಿಲ್ಲ. ಯಾರಾದರೂ ಕೇಳಿದ್ದರೆ ದೇವರಿಗೆ ಪಕ್ಷಪಾತವಿಲ್ಲವೆಂದೇ ಹೇಳುತ್ತಿದ್ದನು. ಬದಲಾದದ್ದು ಅವನು ಕೂತುಕೊಳ್ಳುವ ಸ್ಥಳ. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಸರಿದರು. ಒಳ್ಳೆಯವನಾದ ಬಾರ್ನಬನೂ ಸೆಳೆಯಲ್ಪಟ್ಟನು. ದರ್ಶನವನ್ನು ಕಂಡವನು, ಮೂರು ಸಾರಿ ಸ್ವರವನ್ನು ಕೇಳಿದವನು ತನ್ನ ಊರಿನ ಕಡೆಯ ನಾಲ್ಕು ಜನರ ಮುಖವನ್ನು ಕಂಡು ಪಂಕ್ತಿಯನ್ನು ಬಿಟ್ಟು ಎದ್ದನು. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿ ಗದರಿಸಿದನು. ಪೇತ್ರನು ಏನು ಉತ್ತರಕೊಟ್ಟನೆಂದು ಆ ಪತ್ರದಲ್ಲಿ ಬರೆದಿಲ್ಲ. ಆದರೆ ಪೇತ್ರನ ಹೆಸರಿನ ಎರಡನೆಯ ಪತ್ರದ ಕಡೆಯಲ್ಲಿ ಪೌಲನನ್ನು ಪ್ರಿಯ ಸಹೋದರನೆಂದು ಕರೆದದೆ. ಅದನ್ನು ಓದುವಾಗೆಲ್ಲಾ ನನಗೆ ಮನಸ್ಸು ಕರಗುತ್ತದೆ.

ಈ ರೋಗವು ನಮ್ಮ ದೇಶದ ಸಭೆಯಲ್ಲಿ ಮೊದಲಿನಿಂದಲೂ ಇದೆ. 1706ರಲ್ಲಿ ತರಂಗಂಬಾಡಿಗೆ ಬಂದ ಲೂಥರನ ಮತದ ಬೋಧಕರೂ ಅವರ ಹಿಂದೆ ಬಂದವರೂ ಜಾತಿಯವರು ಬೇರೆಬೇರೆಯಾಗಿ ಕೂತುಕೊಳ್ಳುವದನ್ನು ಸಹಿಸಿಕೊಂಡರು. ಕಾಲಕ್ರಮದಲ್ಲಿ ತಾನಾಗಿಯೇ ಹೋಗುವದೆಂದು ನಂಬಿದ್ದರು. ನೂರು ವರುಷ ಕಳೆದರೂ ಹೋಗಲಿಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪರಾಗಿದ್ದ ಡೇನಿಯೆಲ್ ವಿಲ್ಸನ್ ಎಂಬವರು ಸಭೆಯಲ್ಲಿ ಜಾತಿಯನ್ನು ಪೂರ್ಣವಾಗಿ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ, ವೇಪೇರಿ ತಂಜಾವೂರುಗಳ ಸಭೆಗಳಲ್ಲಿ ಬಹು ಮಂದಿ ಆರಾಧನೆಯನ್ನೇ ಬಿಟ್ಟು ಹೊರಟುಹೋದರು. ಕ್ರಿಸ್ತನಿಗಾಗಿ ಗುಡಿಯನ್ನು ಬಿಟ್ಟಿದ್ದವರ ವಂಶದವರು ಜಾತಿಗಾಗಿ ಕ್ರಿಸ್ತನ ಆಲಯವನ್ನು ಬಿಟ್ಟರು. ಸಹಿಸಿದರೆ ಹೋಗುವದಿಲ್ಲ, ಆಜ್ಞಾಪಿಸಿದರೆ ಜನರೇ ಹೋಗುತ್ತಾರೆ. 1950ರ ಸರಕಾರದ ಆಜ್ಞೆಯಲ್ಲಿ ಕ್ರೈಸ್ತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಗೆ ಸೇರಿಸದೆ ಬಿಟ್ಟರು; ಕ್ರೈಸ್ತನಾದವನಿಗೆ ಜಾತಿಯಿಲ್ಲವೆಂಬದು ಅದರ ತಾತ್ಪರ್ಯ. ಕಾನೂನು ನಮ್ಮ ವಿಷಯದಲ್ಲಿ ನಮಗಿಂತ ಹೆಚ್ಚು ಒಳ್ಳೇ ಅಭಿಪ್ರಾಯವನ್ನು ಇಟ್ಟುಕೊಂಡಿದೆ. ಆ ಅಭಿಪ್ರಾಯದ ನಷ್ಟವನ್ನು ಅನುಭವಿಸುವವರು ನಮ್ಮಲ್ಲಿ ಬಡವರು. ಹೆಣ್ಣು ಗಂಡು ನೋಡುವ ಸಮಯದಲ್ಲಿ ನಾವು ಎಷ್ಟು ಮಂದಿ ಆ ಕಾನೂನಿನಂತೆ ನಡೆಯುತ್ತೇವೆ? ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುತ್ತೇವೆ; ಮನೆಯ ಹಜಾರದಲ್ಲಿ ಲೋಟಗಳು ಎರಡಾಗುತ್ತವೆ.

ಬೇರೆಯವರ ವಿಷಯವನ್ನು ಇಷ್ಟು ಬರೆದ ಮೇಲೆ ನನ್ನ ವಿಷಯವನ್ನು ಮರೆಮಾಡುವದು ಸರಿಯಲ್ಲ. ನಾನು ಉಪದೇಶಿಯಾಗಿ ಬಹು ವರುಷ ಕೆಲಸಮಾಡಿದವನು. ಅಂತಿಯೋಕ್ಯದ ಈ ಸಂಗತಿಯ ಮೇಲೆ ಎಷ್ಟೋ ಸಾರಿ ಪ್ರಸಂಗಮಾಡಿದ್ದೇನೆ. ನನ್ನ ಹಿರಿಯ ಮಗಳ ಮದುವೆಗೆ ನಮ್ಮ ಮೂಲ ಊರಿನಿಂದ ಬಂಧುಗಳು ಬಂದರು; ಅವರಲ್ಲಿ ಸಭೆಗೆ ಸೇರಿದವರೂ ಇದ್ದರು, ಸೇರದವರೂ ಇದ್ದರು. ನಮ್ಮ ಸಭೆಯಲ್ಲಿ ಒಬ್ಬ ವೃದ್ಧನಿದ್ದನು. ಆತನ ಪೂರ್ವಿಕರು ಊರ ಹೊರಗಿನ ಕೇರಿಯವರು. ನನ್ನ ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಹತ್ತು ದಿವಸ ಕಣ್ಣು ಬಿಡದೆ ಇದ್ದಾಗ, ಪ್ರತಿ ರಾತ್ರಿ ಬಂದು ನನ್ನ ಜೊತೆಯಲ್ಲಿ ಮೊಣಕಾಲೂರಿದವನು ಆತನೇ. ಮದುವೆಯ ದಿನ ನಾನು ಏನೂ ಕೆಟ್ಟ ಮಾತಾಡಲಿಲ್ಲ. ದೂರದಿಂದ ಬಂದವರು ಹಸಿದಿದ್ದಾರೆ, ಅವರಿಗೆ ಮೊದಲನೆಯ ಪಂಕ್ತಿ. ನಾವು ಊರಿನವರು ಮನೆಯವರಂತೆ ಎರಡನೆಯ ಪಂಕ್ತಿಗೆ ಕೂಡೋಣ ಎಂದು ಹೇಳಿದೆನು. ಎಷ್ಟು ನಯವಾದ ಮಾತು! ಆತನು ಹಂದರದ ಕಂಬಕ್ಕೆ ಒರಗಿ ನಿಂತಿದ್ದನು. ಆಗಲಿ ಉಪದೇಶಿಗಳೇ, ನಮಗೇನು ಅವಸರ ಎಂದನು. ನಾನು ಮಾತ್ರ ಮೊದಲನೆಯ ಪಂಕ್ತಿಯಲ್ಲಿ ಬಂಧುಗಳ ಜೊತೆಯಲ್ಲಿ ಕೂತೆನು.

ರಾತ್ರಿ ನನ್ನ ಹೆಂಡತಿಯು, ಅಂತಿಯೋಕ್ಯಕ್ಕೆ ಯಾಕೋಬನ ಕಡೆಯವರು ಬಂದರಲ್ಲವೇ ಎಂದು ಮಾತ್ರ ಹೇಳಿ ದೀಪವನ್ನು ಆರಿಸಿದಳು.

ನಾನು ಜಾತಿಯನ್ನು ನಂಬುತ್ತೇನೋ? ಇಲ್ಲ. ಯಾರಾದರೂ ಅದರ ಪರವಾಗಿ ಮಾತಾಡಿದರೆ ವಾದಮಾಡಿ ಸೋಲಿಸುವೆನು. ಆದರೆ ಆ ಹೊತ್ತಿನಲ್ಲಿ ನನ್ನ ನಂಬಿಕೆಯನ್ನು ಯಾರೂ ಕೇಳಲಿಲ್ಲ. ಹಲ್ಲಿಯ ಶಬ್ದವನ್ನು ಕೇಳಿ ಕೂತುಕೊಳ್ಳುತ್ತಿದ್ದ ಹಿರಿಯನ ಹಾಗೆ, ಬಂಧುಗಳ ಮುಖವನ್ನು ಕಂಡು ನನ್ನ ಕಾಲುಗಳು ತಾವಾಗಿಯೇ ಒಂದು ಕಡೆಗೆ ನಡೆದವು; ಬಾಯಿಯು ಅದಕ್ಕೆ ತಕ್ಕ ಚಪ್ಪಲಿಯ ನೆವವನ್ನು ಹುಡುಕಿತು. ಆತನ ಚಪ್ಪಲಿಯಿಂದ ಯಾರಿಗೂ ನೋವಾಗಲಿಲ್ಲ. ನನ್ನದರಿಂದ ಆಯಿತು.

ಕ್ಷಮೆ ಕೇಳುವದಕ್ಕೆ ನನಗೆ ಮೂರು ವಾರ ಬೇಕಾಯಿತು. ಪ್ರತಿ ಭಾನುವಾರ ಆಲಯದಲ್ಲಿ ಆತನನ್ನು ಕಾಣುತ್ತಿದ್ದೆನು; ಆತನು ಮೊದಲಿನಂತೆಯೇ ವಂದನೆ ಹೇಳುತ್ತಿದ್ದನು. ಅದು ನನಗೆ ಗದರಿಕೆಗಿಂತ ಭಾರವಾಗಿತ್ತು. ಕಡೆಗೆ ಒಂದು ಮಧ್ಯಾಹ್ನ ಆತನ ಮನೆಗೆ ಹೋದೆನು. ಮದುವೆಯ ದಿನ ನಾನು ಮಾಡಿದ್ದು ತಪ್ಪು, ಅದು ಹಸಿವಿನ ಮಾತಲ್ಲ, ಅದು ಏನೆಂದು ನೀವೂ ಬಲ್ಲಿರಿ ನಾನೂ ಬಲ್ಲೆನು ಎಂದು ಹೇಳಿದೆನು. ಆತನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, ಉಪದೇಶಿಗಳೇ, ನಾನು ಅದನ್ನು ಕರ್ತನಿಗೆ ಹೇಳಿಕೊಂಡಿದ್ದೆನು, ನಿಮಗೆ ಹೇಳುವದಕ್ಕೆ ಧೈರ್ಯವಾಗಲಿಲ್ಲ ಎಂದನು.

ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆತನ ಸೊಸೆಯು ಬಾಗಿಲಿಗೆ ಬಂದು ನಿಂತಳು. ಉಪದೇಶಿಗಳೇ, ಊಟವಾಯಿತೇ ಎಂದು ಆತನು ಕೇಳಿದನು. ಅಷ್ಟು ವರುಷಗಳಲ್ಲಿ ಆ ಮನೆಯಲ್ಲಿ ನಾನು ಎಷ್ಟೋ ಸಾರಿ ಪ್ರಾರ್ಥನೆ ನಡಿಸಿದ್ದೆನು. ಪ್ರತಿ ಸಾರಿಯೂ ಇದೇ ಪ್ರಶ್ನೆಯನ್ನು ಕೇಳಿದ್ದರು, ಪ್ರತಿ ಸಾರಿಯೂ ಆಗಿದೆಯೆಂದು ಹೇಳಿ ಎದ್ದುಬಂದಿದ್ದೆನು. ಆ ಹೊತ್ತೂ ಆಗಿದೆಯೆಂಬ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅದನ್ನು ನುಂಗಿಕೊಂಡು, ಇಲ್ಲ, ಆಗಿಲ್ಲವೆಂದೆನು. ಸೊಸೆಯು ಕೈತೊಳೆಯುವದಕ್ಕೆ ನೀರು ತಂದಳು.